ಟಕ್ ಎಂಬ ಒಂದು ಸದ್ದು

ಕಾಶಿಗೆ ವರ್ಗವಾಗಿ ಬಂದ ಮರುವರ್ಷ ನಾನು ಕೊಂಡ ಕಾರಿಗೆ ಆಗಲೇ 11 ವರ್ಷ ವಯಸ್ಸಾಗಿತ್ತು. ಮಾರಿದವರು ನಮ್ಮ ಕಚೇರಿಯಿಂದಲೇ ನಿವೃತ್ತರಾಗಿ, ಊರಿಗೆ ಮರಳದೆ, ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಎದುರಿನ ಲಂಕಾ ಪ್ರದೇಶದಲ್ಲಿ ನೆಲೆಸಿದ್ದ ಕನ್ನಡಿಗರು. ಅವರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ. ಡ್ಯಾಶ್‌ಬೋರ್ಡಿನ ಮೇಲೆ ಅವರ ಪತ್ನಿ ಅಂಟಿಸಿದ್ದ ಶೃಂಗೇರಿ ಶಾರದೆಯ ಪುಟ್ಟ ಚಿತ್ರವನ್ನು ನಾನು ತೆಗೆಯಲಿಲ್ಲ.

ಆರು ತಿಂಗಳು ಕಾರು ತಕರಾರಿಲ್ಲದೆ ಓಡಿತು. ಆಮೇಲೊಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು, ಬಳಿಕ ಮೌನ. ನಾಲ್ಕೈದು ಸಲ ಪ್ರಯತ್ನಿಸಿದ ಮೇಲೆ ಎಂಜಿನ್ ಎದ್ದಿತು. ಮುಂದೆ ವಾರಕ್ಕೊಮ್ಮೆ ಹೀಗಾಗತೊಡಗಿತು. ಬ್ಯಾಟರಿ ಹೋಗಿರಬೇಕೆಂದು ಹೊಸದನ್ನು ಹಾಕಿಸಿದೆ. ಕೆಲವು ದಿನ ಸರಿಯಿದ್ದಂತೆ ಕಂಡು ಮತ್ತೆ ಅದೇ ಸದ್ದು. ಹಾಗಾದರೆ ಸೆಲ್ಫ್ ಮೋಟರ್ ಹಾಳಾಗಿದೆ, ಅದು ಗೊತ್ತಿದ್ದೇ ಕಾರು ಮಾರಿದ್ದಾರೆ ಎಂದು ನಾನೇ ತೀರ್ಮಾನಿಸಿದೆ. ಒಂದು ಸಂಜೆ ಫೋನು ಮಾಡಿ, "ನಮ್ಮವರು ಅಂತ ನಂಬಿ ತಗೊಂಡೆ ಸರ್" ಎಂದೆ. ಆ ಮಾತಿನ ಮೊನೆ ಅವರಿಗೆ ತಾಗದಿರಲಿಲ್ಲ. "ನಾನು ಕೊಟ್ಟಾಗ ಸರಿಯಾಗಿತ್ತು" ಎಂದಷ್ಟೇ ಹೇಳಿ ಫೋನಿಟ್ಟರು. ಅನಂತರ ಒಂಬತ್ತು ತಿಂಗಳು ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಎಂ.ಎ. ತರಗತಿಯಲ್ಲಿ ನಾನು ಒಥೆಲೊ ಓದಿದವನು. ಒಂದು ಕರವಸ್ತ್ರವನ್ನು ಸಾಕ್ಷ್ಯವೆಂದು ನಂಬಿ ನಿರಪರಾಧಿಯನ್ನು ಶಿಕ್ಷಿಸಿದವನ ಕುರಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಗಳಿಸಿದವನು.

ಕಳೆದ ಮಾಘದಲ್ಲಿ ರಾಯರ ಪತ್ನಿ ತೀರಿಕೊಂಡ ಸುದ್ದಿ ಬಂತು. ಮಗ ವಿದೇಶದಿಂದ ಹೊತ್ತಿಗೆ ತಲುಪುವಂತಿರಲಿಲ್ಲ. ಹರಿಶ್ಚಂದ್ರ ಘಾಟಿನಲ್ಲಿ ರಾಯರೇ ಚಿತೆಗೆ ಬೆಂಕಿಯಿಟ್ಟರು. ಮಣಿಕರ್ಣಿಕೆಯ ಹಾಗೆಯೇ ಇದೂ ಕಾಶಿಯ ದಹನಘಟ್ಟ. ಪಕ್ಕದಲ್ಲಿಯೇ ಕರ್ನಾಟಕ ಘಾಟ್, ಅದರಾಚೆ ದಕ್ಷಿಣದವರ ಮನೆಗಳಿರುವ ಹನುಮಾನ್ ಘಾಟ್. ರಾಘವಾಂಕನನ್ನು ಓದಿ ಬೆಳೆದ ಕನ್ನಡಿಗನಿಗೆ ಈ ಮೆಟ್ಟಿಲುಗಳು ಹೊಸವಲ್ಲ. ಮಡಿದ ಮಗನನ್ನು ಎತ್ತಿಕೊಂಡು ಬಂದ ಚಂದ್ರಮತಿಯಿಂದಲೂ ಸುಡುಗಾಡಿನ ತೆರಿಗೆ ಕೇಳಿದ ಅರಸನನ್ನು ನಾವು ಶಾಲೆಯಲ್ಲಿಯೇ ಕಂಡವರು.

ಕಾರ್ಯ ಮುಗಿದು, ರಾಯರು ಮಡಕೆಯ ನೀರನ್ನು ಹಿಂದಕ್ಕೆ ಚೆಲ್ಲಿ ತಿರುಗಿ ನೋಡದೆ ಮೆಟ್ಟಿಲು ಹತ್ತಿದಾಗ ಕತ್ತಲಾಗಿತ್ತು. ಬಂದಿದ್ದ ಕೆಲವರು ಚದುರಿದ್ದರು. ಸೋನಾರ್‌ಪುರದ ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದ ಕಾರಿನವರೆಗೆ ಅವರನ್ನು ನಾನೇ ನಡೆಸಿಕೊಂಡು ಬಂದೆ. ಒದ್ದೆ ಬಟ್ಟೆಯಲ್ಲಿ ಮುಂದಿನ ಸೀಟಿನಲ್ಲಿ ಕುಳಿತು, ಶಾರದೆಯ ಚಿತ್ರವನ್ನು ಒಮ್ಮೆ ನೋಡಿದರು. ನಾನು ಕೀಲಿ ತಿರುಗಿಸಿದೆ. ಟಕ್.

ಆ ಕ್ಷಣ ನನಗೆ ನಾಚಿಕೆಯಾದದ್ದು ನಿಜ. ಅದರ ಅಡಿಯಲ್ಲಿ, 'ಈಗಲಾದರೂ ನೋಡಲಿ' ಎಂಬ ಸಣ್ಣ ಸಮಾಧಾನವೂ ಇದ್ದಿತೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ರಾಯರು ಬಹಳ ಹೊತ್ತಿನ ಮೇಲೆ ಮಾತಾಡಿದರು. "ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ತಿರುಗಿಸಿ. ಬೆಳಕು ಮಂಕಾಗ್ತದಾ ನೋಡಿ."

ಮಂಕಾಗಲಿಲ್ಲ. ಎದುರಿನ ಗೋಡೆಯ ಮೇಲಿನ ಬೆಳಕು ಕದಲಲೇ ಇಲ್ಲ.

"ಹಾಗಾದರೆ ಬ್ಯಾಟರಿ ಅಲ್ಲ" ಎಂದರು. ಬ್ಯಾಟರಿ ಸೋತಿದ್ದರೆ ಸೆಲ್ಫ್ ಮೋಟರ್ ಎಳೆಯುವ ಭಾರಕ್ಕೆ ದೀಪ ಕಂದುತ್ತದೆ. ದೀಪ ಕಂದದಿದ್ದರೆ, ಮೋಟರಿಗೆ ಬೇಕಾದಷ್ಟು ವಿದ್ಯುತ್ತು ಹರಿಯುತ್ತಲೇ ಇಲ್ಲವೆಂದರ್ಥ. ದಾರಿಯಲ್ಲೆಲ್ಲೋ ತಡೆಯಿದೆ, ಇಲ್ಲವೇ ಮೋಟರೇ ಕೆಟ್ಟಿದೆ. ಇಷ್ಟನ್ನು ತಿಳಿಯಲು ಕಾಸು ಬೇಕಿರಲಿಲ್ಲ, ಒಂದು ಗೋಡೆ ಸಾಕಾಗಿತ್ತು. ನಾನು ಅದನ್ನು ಮಾಡದೆ ಬ್ಯಾಟರಿ ಕೊಂಡಿದ್ದೆ.

ಚಹಾದಂಗಡಿಯ ಹುಡುಗ ಹತ್ತಿರದ ಗ್ಯಾರೇಜಿನ ಮೆಕ್ಯಾನಿಕನನ್ನು ಕರೆತಂದ. ಅವನು ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿ, ಜಂಪರ್ ಕೇಬಲಿನ ಒಂದೇ ಎಳೆಯನ್ನು ತೆಗೆದುಕೊಂಡ. ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿದ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ. "ಅಬ್ ಮಾರಿಯೇ" ಎಂದ. ಕೀಲಿ ತಿರುಗಿಸುತ್ತಲೇ ಎಂಜಿನ್ ಎದ್ದಿತು.

"ಸೆಲ್ಫ್ ಠೀಕ್ ಹೈ, ಅರ್ಥ್ ನಹೀ ಮಿಲ್ ರಹಾ ಥಾ."

ಕಾರಿನಲ್ಲಿ ವಿದ್ಯುತ್ತು ಒಂದು ತಂತಿಯಲ್ಲಿ ಹೋಗಿ ಲೋಹದ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗುತ್ತದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಆದ್ದರಿಂದ ಅದನ್ನು ಬಾಡಿಗೋ ಬ್ಯಾಟರಿಗೋ ಜೋಡಿಸಲು ದಪ್ಪನೆಯ ಅರ್ಥ್ ಪಟ್ಟಿಯೊಂದಿರುತ್ತದೆ. ಆ ಪಟ್ಟಿ ಸಡಿಲವಾದರೆ ದೀಪ, ಹಾರ್ನು ಎಲ್ಲವೂ ಸರಿಯಿದ್ದು ಎಂಜಿನ್ ಮಾತ್ರ ಏಳುವುದಿಲ್ಲ. ಅವನು ಕಾರಿನಡಿ ನುಸುಳಿದ. ರಾಯರು ಕೆಳಗಿಳಿದು, ನಾನು ಬೇಡವೆಂದರೂ ಕೇಳದೆ, ನೆಲಕ್ಕೆ ಬಾಗಿ ಅವನಿಗೆ ಟಾರ್ಚು ಹಿಡಿದರು. ಗೇರ್‌ಬಾಕ್ಸಿನ ಮೇಲಿನ ಬೋಲ್ಟು ಬೆರಳಿಗೇ ತಿರುಗುವಷ್ಟು ಸಡಿಲವಾಗಿತ್ತು, ಕೆಳಗೆ ತುಕ್ಕು. ಉಪ್ಪುಕಾಗದದಿಂದ ಉಜ್ಜಿ ಬಿಗಿದ. ಹತ್ತು ನಿಮಿಷದ ಕೆಲಸ, 200 ರೂಪಾಯಿ.

ಎದ್ದು ಕೈ ಒರೆಸಿಕೊಳ್ಳುತ್ತ ಅವನು ಕೇಳಿದ: ಗೇರ್‌ಬಾಕ್ಸ್ ಯಾವಾಗಲಾದರೂ ಇಳಿಸಿದ್ದುಂಟೋ?

ಉಂಟು. ಕ್ಲಚ್ ಹಾಕಿಸಿದ್ದೆ. ಇಳಿಸಿದವರು ಆ ಬೋಲ್ಟನ್ನು ಮರಳಿ ಬಿಗಿದಿರಲಿಲ್ಲ. ಹಾಕಿಸಿದವನು ನಾನು, ಕಾರು ಕೊಂಡ ಐದನೆಯ ತಿಂಗಳು. ಮೊದಲ ಸಲ ಟಕ್ ಎಂದದ್ದು ಆರನೆಯ ತಿಂಗಳು. ಎರಡು ದಿನಾಂಕಗಳೂ ನನ್ನ ಡೈರಿಯಲ್ಲಿಯೇ ಇದ್ದವು. ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ, ಅಷ್ಟೆ. ಇದನ್ನೆಲ್ಲ ರಾಯರೆದುರು ಹೇಳಿ, "ತಪ್ಪು ನನ್ನದು ಸರ್" ಎಂದೆ.

ಅಸ್ಸಿ ದಾಟುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನೀವು ಫೋನು ಮಾಡಿದ ದಿನ ಇವಳು, ದುಡ್ಡು ವಾಪಸ್ಸು ಕೊಟ್ಟುಬಿಡಿ, ನಮ್ಮೂರಿನ ಹುಡುಗ ಅಂದಳು. ನಾನು ಒಪ್ಪಲಿಲ್ಲ. ಒಪ್ಪಿದರೆ ತಪ್ಪೊಪ್ಪಿಕೊಂಡ ಹಾಗಾಗ್ತದೆ ಅಂದೆ. ಅದಕ್ಕೇ ಎರಡು ದಿನ ನಮ್ಮಿಬ್ಬರಿಗೂ ಜಗಳ."

ನನ್ನಲ್ಲಿ ಉತ್ತರವಿರಲಿಲ್ಲ. ಸತ್ಯಕ್ಕಾಗಿ ಕಷ್ಟಪಟ್ಟವನ ಹೆಸರಿನ ಘಾಟಿನಿಂದ ನಾವು ಬರುತ್ತಿದ್ದೆವು. ಹರಿಶ್ಚಂದ್ರ ತಿಳಿದಿದ್ದ ಸತ್ಯವನ್ನು ಬಿಡಲಿಲ್ಲ. ನಾನು ತಿಳಿಯುವ ಕಷ್ಟವನ್ನೇ ಪಟ್ಟಿರಲಿಲ್ಲ, ಆಡಿಬಿಟ್ಟಿದ್ದೆ. ಕ್ಷಮೆ ಕೇಳಬೇಕಾಗಿದ್ದ ಇಬ್ಬರಲ್ಲಿ ಒಬ್ಬರು ಆಗಷ್ಟೇ ಬೂದಿಯಾಗಿದ್ದರು.

ಮರುದಿನ ಒಂದು ಮಲ್ಟಿಮೀಟರ್ ಕೊಂಡೆ. ಬ್ಯಾಟರಿ 12.6 ವೋಲ್ಟ್ ತೋರಿತು. ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಲೋಹಕ್ಕೂ ಕಡ್ಡಿ ಹಿಡಿದು, ಮಗಳಿಂದ ಕೀಲಿ ತಿರುಗಿಸಿದರೆ 0.2 ವೋಲ್ಟಿನೊಳಗೇ ನಿಂತಿತು. ಅದು ಅರ್ಧ ವೋಲ್ಟು ದಾಟಿದರೆ ಅರ್ಥ್ ಕೆಟ್ಟಿದೆಯೆಂದು ಲೆಕ್ಕ.

ಆ ರಾತ್ರಿ ಮನೆಯ ಗೇಟಿನ ಬಳಿ ಇಳಿದ ರಾಯರು ಒಳಗೆ ಹೋಗಲಿಲ್ಲ. "ಆಫ್ ಮಾಡಿ ಇನ್ನೊಮ್ಮೆ ಸ್ಟಾರ್ಟ್ ಮಾಡಿ, ದಾರಿಯಲ್ಲಿ ನಿಂತೀತು" ಎಂದರು. ಮಾಡಿದೆ. ಎಂಜಿನ್ ಎದ್ದಿತು. ಅದನ್ನು ಕೇಳಿಸಿಕೊಂಡ ಮೇಲೆ ಗೇಟು ತೆರೆದು, ದೀಪವಿಲ್ಲದ ಮನೆಯೊಳಗೆ ಹೋದರು.