ಗಾಯ ತೊಳೆಯುವವರು ಯಾರು?

ಕಡಬದ ಮಾವನಿಗೆ ಜನರ ಬೆಂಬಲ ಎಷ್ಟಿದೆ ಅಂತ ಅಂಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನರ್ಸಿಂಗ್ ಓದುವ ತಂಗಿ ಕೊಟ್ಟ ಫಾರಂ. 1988ರಲ್ಲಿ ಅಮೆರಿಕದ ಝಿಮೆಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಗೋಲು. ಕ್ಯಾನ್ಸರ್ ರೋಗಿಗಳಿಗೂ ಬಳಸುತ್ತಾರೆ. 12 ವಾಕ್ಯ, ಒಂದೊಂದಕ್ಕೂ 1ರಿಂದ 7 ಅಂಕ. ಥೇಟ್ ನಮ್ಮ ಆಫೀಸಿನ ಅಪ್ರೈಸಲ್. ಮನೆಯವರು, ಸ್ನೇಹಿತರು, ಮತ್ತೆ ಒಬ್ಬ 'ವಿಶೇಷ ವ್ಯಕ್ತಿ' ಅಂತ ಮೂರು ಪಾಲು.

"ಮಾವ, ಕಷ್ಟಕ್ಕೆ ಆಗುವ ವಿಶೇಷ ವ್ಯಕ್ತಿ ನಿಮಗೆ ಯಾರಾದ್ರೂ ಇದ್ದಾರಾ?"

"ವಿಶೇಷ ಎಂತದ್ದು ಮಾರಾಯ? ಇವಳಿದ್ದಾಳಲ್ಲ. ಏಳು ಹಾಕು."

ಚಿಕ್ಕಂದಿನಲ್ಲಿ ಬಚ್ಚಲ ಒಲೆಯಲ್ಲಿ ಸುಟ್ಟುಕೊಂಡ ಕಾಲು ಅವರದ್ದು. ಆ ಕಲೆಯ ಮೇಲೆಯೇ ಐವತ್ತು ವರ್ಷದ ಮೇಲೆ ಹುಣ್ಣಾಯಿತು. ಹಳೇ ಸುಟ್ಟ ಕಲೆಯಲ್ಲಿ ಹೀಗೆ ಹುಟ್ಟುವ ಚರ್ಮದ ಕ್ಯಾನ್ಸರಿಗೆ ಮಾರ್ಜೊಲಿನ್ ಅಲ್ಸರ್ ಅಂತ ಹೆಸರು. ನಮ್ಮಂಥ ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ, ಹಾಗಾಗಿ ಸಂಶಯ ಬರುವುದೂ ತಡ. ಒಂದು ವರ್ಷ ಮುಲಾಮು ಹಚ್ಚಿದ್ದೇ ಆಯಿತು. ಆಮೇಲೆ ಮಂಗಳೂರಿನಲ್ಲಿ ಬಯಾಪ್ಸಿ.

ಜನ ಬರಲಿಲ್ಲ ಅಂತ ಹೇಳುವ ಹಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡದಿದ್ದರೆ ವರ್ಷದ ಫಸಲು ಹೋದಂತೆ. ಆಚೆಮನೆಯವರು ತಮ್ಮದೇ ಪಂಪು ತಂದು ಎರಡು ಸಲ ಬಿಟ್ಟುಕೊಟ್ಟರು. ಸುಳ್ಯದ ಭಾವ ಪ್ರತಿ ಸಲ ಕಾರು ತೆಗೆದುಕೊಂಡು ಬಂದರು. ಆಚೆಮನೆಯವರನ್ನು ಸ್ನೇಹಿತರ ಪಾಲಿಗೆ ಹಾಕುವುದಾ, ಮನೆಯವರ ಪಾಲಿಗಾ? ಊರಿನಲ್ಲಿ ಅವರು ಎರಡೂ ಅಲ್ಲ, ಎರಡಕ್ಕಿಂತ ಹೆಚ್ಚು.

ಆದರೆ ಬಂದವರೆಲ್ಲ ಜಗಲಿಯಲ್ಲೇ ಕೂತು ಹೋಗುತ್ತಿದ್ದರು. ಹುಣ್ಣಿಗೆ ವಾಸನೆ ಉಂಟು. ಕ್ಯಾನ್ಸರ್ ಅಂಟುವ ರೋಗವಲ್ಲ, ಆದರೂ ಒಬ್ಬರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ "ಅಂಟುತ್ತದಾ?" ಅಂತ ಮೆಲ್ಲ ಕೇಳಿದರು. ಮಾವ ತಾವಾಗಿಯೇ ತಮ್ಮ ಲೋಟ ಬೇರೆ ಇಟ್ಟುಕೊಂಡಿದ್ದಾರೆ. ದಿನಕ್ಕೆ ಎರಡು ಸಲ ಗಾಯ ತೊಳೆದು ಬಟ್ಟೆ ಕಟ್ಟುವುದು ಅತ್ತೆ ಒಬ್ಬರೇ. ಅವರ ಮಣಿಕಟ್ಟು ಊದಿಕೊಂಡಿದೆ. ಮಕ್ಕಳು ಬೆಂಗಳೂರಿನಿಂದ ರಾತ್ರಿ ವಿಡಿಯೊ ಕಾಲ್ ಮಾಡುತ್ತಾರೆ, ದುಡ್ಡು ಹಾಕುತ್ತಾರೆ. ಕ್ಯಾಮೆರಾ ಕಾಲಿನವರೆಗೆ ಇಳಿಯುವುದಿಲ್ಲ.

ಸರಾಸರಿ 5.9 ಬಂತು. 5ರ ಮೇಲೆ ಹೋದರೆ 'ಹೆಚ್ಚಿನ ಬೆಂಬಲ' ಅಂತ ಲೆಕ್ಕ. ಸುಳ್ಳಲ್ಲ. ಆದರೆ ಗಾಯ ಮುಟ್ಟುವವರು ಯಾರು ಅನ್ನುವ ಪ್ರಶ್ನೆ ಹನ್ನೆರಡರಲ್ಲಿ ಎಲ್ಲೂ ಇಲ್ಲ. ಹದಿಮೂರನೆಯದಾಗಿ ಅದನ್ನು ಪೆನ್ನಿನಲ್ಲಿ ಬರೆದೆ. ಮಾವ ಅಡುಗೆಮನೆ ಕಡೆ ನೋಡಿ, "ಅದು ಬೇಡ, ಅವಳಿಗೆ ಬೇಜಾರಾಗ್ತದೆ" ಅಂದರು.

ಈಗ ವಾರಕ್ಕೆ ಎರಡು ದಿನ ಪುತ್ತೂರಿನಿಂದ ಒಬ್ಬರು ನರ್ಸ್ ಬರುತ್ತಾರೆ. ಉಳಿದ ಐದು ದಿನಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.