ಓಟು ಮಾರಿಕೊಂಡವರು ಯಾರು?

ಪ್ರತಿ ಚುನಾವಣೆ ಮುಗಿದ ಮೇಲೂ ನಮ್ಮ ಮೇಲೆ ಒಂದೇ ಮಾತು: ಹಟ್ಟಿಯೋರು ದುಡ್ಡು ಈಸ್ಕೊಂಡು ಓಟು ಹಾಕಿದರು. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕಾಲೇಜಿನ ಮೇಷ್ಟ್ರ ಬಾಯಲ್ಲೂ ಇದೇ. ನಾಲ್ಕಕ್ಷರ ಕಲಿತ ನಾವು ತಲೆ ತಗ್ಗಿಸಿ ಕೂರಬೇಕು. ಈಸ್ಕೊಂಡದ್ದು ಸುಳ್ಳಲ್ಲ. ಓಟಿನ ಹಿಂದಿನ ರಾತ್ರಿ ಕೇರಿಗೆ ಬೈಕು ಬರುತ್ತದೆ. ಓಟರ್ ಲಿಸ್ಟು ಹಿಡಿದು ತಲೆ ಎಣಿಸಿ ನೋಟು ಕೊಡುತ್ತಾರೆ. ಮೇಲಿನ ಬೀದಿಗೂ ಹೋಗುತ್ತಾರೆ, ಆ ಮಾತು ಬೇರೆ. ಕಾನೂನಿನ ಕಣ್ಣಲ್ಲಿ ಕೊಟ್ಟವನೂ ಅಪರಾಧಿ, ಈಸ್ಕೊಂಡ ನಮ್ಮವ್ವನೂ ಅಪರಾಧಿ. ಒಂದು ವರ್ಷದವರೆಗೆ ಜೈಲಿಗೆ ಹಾಕಬಹುದು.

ಇದೇ ದೇಶದಲ್ಲಿ ಇನ್ನೊಂದು ಕೊಡು-ಕೊಳ್ಳುವ ವ್ಯವಹಾರಕ್ಕೆ ಸರ್ಕಾರವೇ ದಾರಿ ಮಾಡಿಕೊಟ್ಟಿತು. 2017ರಲ್ಲಿ ಕಾಯ್ದೆ ತಿದ್ದಿ, 2018ರ ಜನವರಿಯಲ್ಲಿ ಚುನಾವಣಾ ಬಾಂಡು ತಂದರು. ಸ್ಟೇಟ್ ಬ್ಯಾಂಕಿನಲ್ಲಿ ಕೊಳ್ಳೋದು, ಪಕ್ಷಕ್ಕೆ ಕೊಡೋದು, ಪಕ್ಷ 15 ದಿನದೊಳಗೆ ದುಡ್ಡು ಮಾಡಿಕೊಳ್ಳೋದು. ಕೊಟ್ಟವರ ಹೆಸರು ಓಟುದಾರನಿಗೆ ಗೊತ್ತಾಗಬಾರದು. ಮೊದಲು ಕಂಪನಿಗಳಿಗೆ ಒಂದು ಮೂಗುದಾರ ಇತ್ತು: ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 7.5 ಮೀರಿ ಕೊಡುವಂತಿರಲಿಲ್ಲ. ಅದನ್ನೂ ಬಿಚ್ಚಿದರು. ನಷ್ಟದ ಕಂಪನಿಯೂ ಕೊಡಬಹುದಾಯಿತು. ನಷ್ಟದಲ್ಲಿರೋನು ಯಾಕೆ ದಾನ ಮಾಡ್ತಾನೆ ಸ್ವಾಮಿ? 1,000 ರೂಪಾಯಿನ ಬಾಂಡೂ ಇತ್ತು, ಬಡವರನ್ನೂ ನೆನೆದಂಗೆ. ಆದರೆ ಮಾರಾಟವಾದ ಮೊತ್ತದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಒಂದೊಂದು ಕೋಟಿಯ ಬಾಂಡುಗಳದು. ಒಟ್ಟು 16,500 ಕೋಟಿಗೂ ಮಿಕ್ಕಿ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಇದು ಸಂವಿಧಾನಕ್ಕೆ ವಿರುದ್ಧ ಎಂದರು. ಲೆಕ್ಕ ಒಪ್ಪಿಸಲು ಬ್ಯಾಂಕು ಜೂನ್ 30ರವರೆಗೆ ಟೈಮು ಕೇಳಿತು. ಅಷ್ಟರಲ್ಲಿ ಲೋಕಸಭೆ ಚುನಾವಣೆಯೇ ಮುಗಿದಿರುತ್ತಿತ್ತು! ಕೋರ್ಟು ಒಪ್ಪಲಿಲ್ಲ. ಮಾರ್ಚಿನಲ್ಲಿ ಪಟ್ಟಿ ಹೊರಬಿತ್ತು. ಮೇಷ್ಟ್ರುಗಳು ಅದನ್ನೊಮ್ಮೆ ಕ್ಲಾಸಿನಲ್ಲಿ ಓದಿ ಹೇಳಬೇಕು. ಎಲ್ಲರಿಗಿಂತ ಹೆಚ್ಚು ಕೊಟ್ಟದ್ದು ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ, 1,368 ಕೋಟಿ. ಲಾಟರಿ ಟಿಕೇಟು ಕೊಳ್ಳೋರು ಯಾರು? ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಲುವ ಮುಂಚೆ ನಮ್ಮ ಅಪ್ಪಂದಿರು ಕೂಲಿ ಕಾಸನ್ನು ಆ ಚೀಟಿಗೆ ಹಾಕಿ ಬರಿಗೈಲಿ ಮನೆಗೆ ಬರುತ್ತಿದ್ದರು. ಬೇರೆ ರಾಜ್ಯಗಳಲ್ಲಿ ಅಂಥ ಅಪ್ಪಂದಿರು ಇನ್ನೂ ಕೊಳ್ಳುತ್ತಿದ್ದಾರೆ. ಬಾಂಡಿನ ಅತಿ ದೊಡ್ಡ ಪಾಲು ಬಿಜೆಪಿಗೆ ಹೋಯಿತು. ತೃಣಮೂಲ, ಕಾಂಗ್ರೆಸ್, ಬಿಆರ್‌ಎಸ್, ಡಿಎಂಕೆಗಳೂ ಕೈ ಕಟ್ಟಿ ಕೂತಿರಲಿಲ್ಲ. ಸಿಪಿಎಂ ಮುಟ್ಟಲಿಲ್ಲ, ಕೋರ್ಟಿಗೆ ಹೋಯಿತು.

ಒಬ್ಬನಿಗೆ ಒಂದು ಓಟು, ಒಂದು ಓಟಿಗೆ ಒಂದೇ ಬೆಲೆ ಅಂತ ಬಾಬಾಸಾಹೇಬರು 1949ರಲ್ಲಿ ಹೇಳಿದ್ದರು. ಬದುಕಿನ ಅಸಮಾನತೆ ಇದನ್ನು ನುಂಗೀತು ಅಂತಲೂ ಎಚ್ಚರಿಸಿದ್ದರು. ನಮ್ಮ ಹುಡುಗನೊಬ್ಬ ಮೀಸಲು ಕ್ಷೇತ್ರದಲ್ಲಿ ನಿಲ್ಲುತ್ತೇನೆ ಅಂದ್ರೆ ವಿಧಾನಸಭೆಗೆ ಠೇವಣಿ 5,000 ರೂಪಾಯಿ. ಅಷ್ಟು ಕೇರಿಯಲ್ಲಿ ಎತ್ತಬಹುದು. ಆದರೆ ಅಭ್ಯರ್ಥಿ 40 ಲಕ್ಷದವರೆಗೆ ಖರ್ಚು ಮಾಡಬಹುದು, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಹಂಗಾಗಿ ಅವನು ದುಡ್ಡಿರೋ ಪಕ್ಷದ ಬಾಗಿಲಿಗೇ ಹೋಗಬೇಕು. ಗೆದ್ದ ಮೇಲೆ ನಮ್ಮ ಸ್ಮಶಾನದ ಜಾಗ ಕೇಳೋದಿರಲಿ, ನಮ್ಮ ಮುಖ ನೋಡೋಕೂ ಅವನಿಗೆ ಮೇಲಿನವರ ಅಪ್ಪಣೆ ಬೇಕು.

ಬಾಂಡು ಸತ್ತಿತು. ಅಷ್ಟರಲ್ಲಿ ಪಕ್ಷಗಳು ನಗದು ಮಾಡಿಕೊಂಡದ್ದು ಅವುಗಳ ಬಳಿಯೇ ಉಳಿಯಿತು. ತನಿಖೆಗೆ ವಿಶೇಷ ತಂಡ ಬೇಕೆಂದವರಿಗೆ 2024ರ ಆಗಸ್ಟಿನಲ್ಲಿ ಕೋರ್ಟು ಇಲ್ಲವೆಂದಿತು. ಕಂಪನಿಗಳು ಈಗ ಚುನಾವಣಾ ಟ್ರಸ್ಟುಗಳ ಮೂಲಕ ಕೊಡುತ್ತಿವೆ. ಯಾರು ಎಷ್ಟು ಕೊಟ್ಟರು ಅನ್ನೋ ಲೆಕ್ಕ ವರ್ಷಕ್ಕೊಂದು ಸಲ ಆಯೋಗಕ್ಕೆ ಹೋಗುತ್ತದೆ, ಎಷ್ಟೋ ಸಲ ನಮ್ಮ ಬೆರಳಿನ ಶಾಯಿ ಅಳಿಸಿ ಹೋದ ಮೇಲೆ.