ತೋಟಗಳೂ ಕಾಲುದಾರಿಗಳೂ: ನಮ್ಮ ಪ್ರಥಮ ದ್ವೀಪಯಾತ್ರೆಯ ಸಿದ್ಧತೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯ ಉತ್ತರಾರ್ಧವನ್ನು ನಮ್ಮ ಶಾಲೆಯು ನಮಗೆ ಚೆನ್ನಾಗಿ ಕಲಿಸಿತು. ಪೂರ್ವಾರ್ಧವನ್ನಾದರೋ, ಸಂಸಾರ, ಉದ್ಯೋಗ, ಮಕ್ಕಳ ಪರೀಕ್ಷೆ, ಹಿರಿಯರ ಕಾಯಿಲೆ ಮೊದಲಾದ ಕಾರಣಗಳಿಂದ ನಾವು ಮುಂದೆ ಮುಂದೆ ಹಾಕುತ್ತಲೇ ಬಂದೆವು. ಒಂದೇ ತರಗತಿಯ ಬೆಂಚುಗಳಿಂದ ಎದ್ದು ಬೇರೆ ಬೇರೆ ಮನೆಗಳಿಗೆ ಸೇರಿದ ನಾವು ಏಳು ಮಂದಿ ಈಗ ಅರುವತ್ತರ ಹೊಸ್ತಿಲಲ್ಲಿದ್ದೇವೆ. ಯಾರಿಗೂ ಬಡಿಸುವ ಕೆಲಸವಿಲ್ಲದ ಒಂದು ಪ್ರವಾಸವನ್ನು ಜೀವಮಾನದಲ್ಲಿ ಒಮ್ಮೆಯಾದರೂ ಮಾಡತಕ್ಕದ್ದೆಂದು ನಿಶ್ಚಯಿಸಿ, ಕಳೆದ ಮಳೆಗಾಲದಿಂದ ತಿಂಗಳಿಗೊಂದಾವರ್ತಿ ಒಬ್ಬೊಬ್ಬಳ ಮನೆಯಲ್ಲಿ ಕೂಡಿ, ನಕಾಶೆಯನ್ನು ಹರಡಿ, ಚರ್ಚಿಸುತ್ತಿದ್ದೇವೆ. ಹೋಗಿ ಬರುವ ಮೊದಲೇ ಯಾತ್ರೆಯ ವೃತ್ತಾಂತವೇ ಎಂದು ವಾಚಕರು ನಗಬಹುದು. ಆದರೆ ಹೋಗುವುದರಿಂದ ದೊರೆಯುವ ಪಾಠಗಳಲ್ಲಿ ಕೆಲವು ಸಿದ್ಧತೆಯ ಕಾಲದಲ್ಲಿಯೇ ನಮಗೆ ದೊರೆತವು. ಅವನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ದ್ವೀಪವೆಂದರೆ ಇದುವರೆಗೆ ನಮಗೆ ಗೊತ್ತಿದ್ದುದು ಮಲ್ಪೆಯ ಎದುರಿಗಿರುವ ಸೈಂಟ್ ಮೇರೀಸ್ ದ್ವೀಪಗಳು ಮಾತ್ರ. ಶಿಲಾರಸವು ತಣಿದು ಕಂಬ ಕಂಬವಾಗಿ ನಿಂತ ಆ ಸೋಜಿಗವನ್ನು ನೋಡಿ ಸಾಯಂಕಾಲದೊಳಗೆ ದೋಣಿಯಲ್ಲಿ ಹಿಂದಿರುಗಿದ್ದುಂಟು. ಅಲ್ಲಿ ರಾತ್ರಿ ತಂಗುವ ಹಾಗಿಲ್ಲ. ಅಂಡಮಾನ್, ಲಕ್ಷದ್ವೀಪಗಳ ಹೆಸರುಗಳೂ ಸಭೆಯಲ್ಲಿ ಬಂದವು. ಆದರೆ ಪಣಂಬೂರು, ಸೋಮೇಶ್ವರಗಳ ತೆರೆಯ ಸದ್ದಿನಲ್ಲಿ ಬೆಳೆದವರಿಗೆ ಮರಳೂ ಉಪ್ಪುನೀರೂ ಹೊಸತಲ್ಲ. ನಮಗೆ ಬೇಕಾದುದು ಗಿಡಮರಗಳು, ತಂಪಾದ ಗಾಳಿ, ಮತ್ತು ವಾಹನಗಳ ಗದ್ದಲವಿಲ್ಲದೆ ಮಾತನಾಡುತ್ತ ನಡೆಯುವ ದಾರಿ. ಹೀಗಾಗಿ, ನಮ್ಮ ಹಿರಿಯರು ಸಿಲೋನೆಂದು ಕರೆಯುತ್ತಿದ್ದ ಶ್ರೀಲಂಕಾವನ್ನು ಆರಿಸಿದೆವು.

ಆ ದ್ವೀಪವು ನಮಗೆ ಅಷ್ಟೇನೂ ಪರಕೀಯವಲ್ಲ. ನಮ್ಮೂರಿನ ಹಂಚುಗಳು ಒಂದು ಕಾಲದಲ್ಲಿ ಹಡಗನ್ನೇರಿ ಅಲ್ಲಿಗೆ ಹೋಗುತ್ತಿದ್ದವು. ಜೀವಶಾಸ್ತ್ರಜ್ಞರು ನಮ್ಮ ಪಶ್ಚಿಮ ಘಟ್ಟವನ್ನೂ ಲಂಕೆಯನ್ನೂ ಒಟ್ಟುಗೂಡಿಸಿ ಒಂದೇ ಜೀವವೈವಿಧ್ಯ ಪ್ರದೇಶವೆಂದು ಎಣಿಸುತ್ತಾರೆ. ಕುದುರೆಮುಖದ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳನ್ನು ಕಂಡವರು ಅಲ್ಲಿನ ಎತ್ತರದ ಬಯಲುಗಳ ಚಿತ್ರವನ್ನು ನೋಡಿದರೆ ಇದು ನಮ್ಮದೇ ಅಲ್ಲವೇ ಎನ್ನುವರು. ಮಳೆಯೂ ನಮ್ಮದೇ: ಮೇ ತಿಂಗಳಿನಿಂದ ಸಪ್ಟೆಂಬರದ ವರೆಗೆ ನೈರುತ್ಯ ಮಾರುತವು ಅಲ್ಲಿನ ಪಶ್ಚಿಮದ ಇಳಿಜಾರುಗಳನ್ನು ತೋಯಿಸುತ್ತದೆ, ವರ್ಷದ ಕೊನೆಗೆ ಈಶಾನ್ಯ ಮಾರುತದ ಸರದಿ. ಆದುದರಿಂದ ಬೆಟ್ಟದ ನಡಿಗೆಗೆ ಜನವರಿಯಿಂದ ಮಾರ್ಚಿನ ವರೆಗಿನ ಕಾಲವು ಉತ್ತಮವೆಂದು ತಿಳಿದು ಫೆಬ್ರುವರಿಯನ್ನು ಗೊತ್ತುಮಾಡಿದೆವು.

ಮೊದಲು ತೋಟಗಳ ಪಟ್ಟಿಯನ್ನು ಮಾಡಿದೆವು. ಕ್ಯಾಂಡಿ ನಗರದ ಸಮೀಪದ ಪೆರಾದೆನಿಯ ಸಸ್ಯೋದ್ಯಾನವು 1821ರಲ್ಲಿ ಸ್ಥಾಪಿತವಾದುದು. 147 ಎಕರೆ ವಿಸ್ತಾರದ ಈ ಉದ್ಯಾನವನ್ನು ಮಹಾವೇಲಿ ನದಿಯು ಮೂರು ಕಡೆಗಳಿಂದ ಸುತ್ತಿ ಹರಿಯುತ್ತದೆ. ಸಾಲು ತಾಳೆಗಳ ಹಾದಿ, ಸೀಷೆಲ್ಸ್ ದ್ವೀಪಗಳಿಂದ ತಂದ ಜೋಡಿ ತೆಂಗಿನ ಮರ (ಲೋಕದಲ್ಲಿ ಅತಿ ದೊಡ್ಡ ಬೀಜವು ಇದರದೇ), ರಾಜಕುಮಾರ ಐದನೆಯ ಜಾರ್ಜನು ಪಟ್ಟಕ್ಕೆ ಬರುವ ಮೊದಲು 1901ರಲ್ಲಿ ಪತ್ನೀಸಮೇತನಾಗಿ ನೆಟ್ಟ ನಾಗಲಿಂಗ ಪುಷ್ಪದ ಮರ, ಇವೆಲ್ಲ ಅಲ್ಲಿವೆ. ನುವಾರ ಎಲಿಯದ ಹತ್ತಿರ ಸುಮಾರು 1,700 ಮೀಟರು ಎತ್ತರದಲ್ಲಿರುವ ಹಕ್ಗಲ ಉದ್ಯಾನವು 1861ರಲ್ಲಿ ಆರಂಭವಾದುದು ಹೂವಿಗಾಗಿ ಅಲ್ಲ, ಸಿಂಕೋನ ಗಿಡದ ಪ್ರಯೋಗಕ್ಕಾಗಿ. ಅದರ ತೊಗಟೆಯಿಂದ ಕ್ವಿನೀನು ದೊರೆಯುತ್ತದೆಂಬುದನ್ನು ಮಲೇರಿಯಾ ಜ್ವರದ ಪರಿಚಯವುಳ್ಳ ಮಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಆ ಉದ್ಯಾನದ ಪಕ್ಕದ ಸೀತಾ ಎಲಿಯವೇ ಅಶೋಕವನವೆಂದು ಜನರು ಹೇಳುವುದುಂಟು. ಕೊಲಂಬೊದಿಂದ ಕ್ಯಾಂಡಿಗೆ ಹೋಗುವಾಗ ಸ್ವಲ್ಪ ಬಳಸಿದರೆ ಗಂಪಹದ ಹೆನರತ್‌ಗೊಡ ಉದ್ಯಾನ. ಬ್ರೆಜಿಲಿನಿಂದ ಹೆನ್ರಿ ವಿಕಮನು ತಂದ ರಬ್ಬರು ಬೀಜಗಳು ಲಂಡನಿನ ಕ್ಯೂ ಉದ್ಯಾನದಲ್ಲಿ ಮೊಳೆತು, ಸಸಿಗಳಾಗಿ 1876ರಲ್ಲಿ ಬಂದಿಳಿದುದು ಇಲ್ಲಿಗೆ. ಸುಳ್ಯ, ಪುತ್ತೂರು, ಬೆಳ್ತಂಗಡಿಗಳಲ್ಲಿ ರಬ್ಬರು ಕಾಡುಗಳ ನಡುವೆ ಪ್ರಯಾಣಿಸುವ ನಮಗೆ ಆ ಜಾತಿಯ ಆದಿಯನ್ನು ನೋಡುವ ಆಸೆಯುಂಟಾಯಿತು.

ಅನಂತರ ಕಾಲುದಾರಿಗಳು. ಹಾರ್ಟನ್ ಬಯಲು 2,000 ಮೀಟರಿಗಿಂತ ಎತ್ತರದ ರಾಷ್ಟ್ರೀಯ ಉದ್ಯಾನ. ಸುಮಾರು ಒಂಬತ್ತು ಕಿಲೋಮೀಟರಿನ ಸುತ್ತುದಾರಿಯಲ್ಲಿ ನಡೆದರೆ ಲೋಕಾಂತವೆಂದು ಹೆಸರಾದ ಕಡಿದಾದ ಅಂಚನ್ನು ತಲಪಬಹುದು. ಅಲ್ಲಿಂದ ಕೆಳಗೆ ಸುಮಾರು 880 ಮೀಟರು ಪ್ರಪಾತ. ಬೆಳಗ್ಗೆ ಒಂಬತ್ತು ಹತ್ತು ಗಂಟೆಯಾದರೆ ಮಂಜು ಮುಚ್ಚುವುದರಿಂದ ಸೂರ್ಯೋದಯಕ್ಕೇ ದ್ವಾರದಲ್ಲಿರಬೇಕಂತೆ. ಶ್ರೀಪಾದ ಶಿಖರವು 2,243 ಮೀಟರು. ಬೌದ್ಧರು, ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ತಮ್ಮ ತಮ್ಮ ನಂಬಿಕೆಯಂತೆ ಅಲ್ಲಿನ ಹೆಜ್ಜೆಗುರುತಿಗೆ ಗೌರವವನ್ನು ಸಲ್ಲಿಸುತ್ತಾರೆ. ಏರುವ ಮೆಟ್ಟಲುಗಳು ಐದು ಸಾವಿರಕ್ಕೆ ಮೀರಿದವು. ಮೂರನೆಯದು ಪೀಕೋ ಮಾರ್ಗ: ಚಹದ ತೋಟಗಳಲ್ಲಿ ನೂರು ವರ್ಷಗಳ ಹಿಂದಿನ ಹಾದಿಗಳನ್ನು ಕೂಡಿಸಿ ಈಚೆಗೆ ಸಿದ್ಧಪಡಿಸಿದ, ಮುನ್ನೂರು ಕಿಲೋಮೀಟರಿಗೂ ಉದ್ದವಾದ, 22 ಹಂತಗಳ ನಡಿಗೆದಾರಿ. ಕ್ಯಾಂಡಿಯ ಬಳಿಯ ಹಂತಾನದಲ್ಲಿ ಪ್ರಾರಂಭವಾಗಿ ನುವಾರ ಎಲಿಯದಲ್ಲಿ ಮುಗಿಯುತ್ತದೆ.

ಪಟ್ಟಿಯು ಇಲ್ಲಿಗೆ ಬಂದಾಗ ನಮ್ಮ ಸಭೆಯಲ್ಲಿ ಭೇದವುಂಟಾಯಿತು. ನಾಲ್ವರಿಗೆ ಬೆಟ್ಟಗಳೇ ಬೇಕು. ಇಬ್ಬರಿಗೆ ತೋಟಗಳು ಸಾಕು. ಏಳನೆಯವಳು ಮಾತನಾಡಲಿಲ್ಲ. ಆಕೆಯ ಬಲ ಮೊಣಕಾಲು ಎರಡು ವರ್ಷಗಳಿಂದ ತೊಂದರೆ ಕೊಡುತ್ತಿದೆ. ಸಮನೆಲದ ಮೇಲೆ ಎರಡು ಮೂರು ಕಿಲೋಮೀಟರು ನಡೆಯಬಹುದು, ಮೆಟ್ಟಲುಗಳು ಬೇಡವೆಂದು ವೈದ್ಯರ ಕಟ್ಟಪ್ಪಣೆ. ಮರುದಿನ ಆಕೆ ನಮ್ಮೊಬ್ಬಳಿಗೆ ಫೋನು ಮಾಡಿ, “ನನ್ನ ಹೆಸರನ್ನು ತೆಗೆದುಬಿಡಿ ಮಾರಾಯ್ತಿ. ನನ್ನಿಂದಾಗಿ ನಿಮಗೆಲ್ಲ ಅಡ್ಡಿಯಾಗುವುದು ಬೇಡ. ಫೋಟೋ ತಂದು ತೋರಿಸಿದರೆ ಸಾಕು” ಎಂದಳು. ಅದು ಮುನಿಸಿನ ಮಾತಲ್ಲ, ಯೋಚಿಸಿ ಹೇಳಿದ ಮಾತು. ಆದುದರಿಂದಲೇ ನಮ್ಮ ಮನಸ್ಸಿಗೆ ಹೆಚ್ಚು ನಾಟಿತು.

ಆಗ ನಮಗೆ ನೆನಪಾದುದು ಶಾಲೆಯ ಒಂದು ಪದ್ಧತಿ. ಕದ್ರಿ ಗುಡ್ಡಕ್ಕೋ ಬಾವುಟಗುಡ್ಡೆಗೋ ನಮ್ಮನ್ನು ಸಾಲಾಗಿ ಕರೆದುಕೊಂಡು ಹೋಗುವಾಗ ಎಲ್ಲರಿಗಿಂತ ಮೆಲ್ಲಗೆ ನಡೆಯುವ ಹುಡುಗಿಯನ್ನು ಸಾಲಿನ ಮುಂದೆ ನಿಲ್ಲಿಸುತ್ತಿದ್ದರು. ಹಿಂದಿದ್ದವರು ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಬೇಕು. ಬೇಗ ನಡೆಯುವವರಾದ ನಮಗೆ ಆಗ ಅದು ಶಿಕ್ಷೆಯಂತೆ ತೋರುತ್ತಿತ್ತು. ಆದರೆ ಸಾಲು ಎಂದೂ ತುಂಡಾಗುತ್ತಿರಲಿಲ್ಲ. ಯಾವ ಹುಡುಗಿಯೂ ಹಿಂದೆ ಉಳಿದು ಅಳುತ್ತಿರಲಿಲ್ಲ. ಏಳು ಮಂದಿಯ ಪ್ರವಾಸದಲ್ಲಿಯೂ ಇದೇ ನ್ಯಾಯವೆಂದು ಎಣಿಸಿ, ನಕಾಶೆಯನ್ನು ಮತ್ತೊಮ್ಮೆ ಹರಡಿದೆವು. ಈ ಸಲ ಆಕೆಯ ಮನೆಯಲ್ಲಿ.

ಆಕೆ ಸುಳ್ಯ ತಾಲೂಕಿನ ಒಂದು ಶಾಲೆಯಲ್ಲಿ ಬಹುಕಾಲ ಉಪಾಧ್ಯಾಯಿನಿಯಾಗಿದ್ದವಳು. ಆ ಕಡೆಯ ರಬ್ಬರು ತೋಟಗಳಲ್ಲಿ ದುಡಿಯುವ ಅನೇಕ ತಮಿಳು ಕುಟುಂಬಗಳ ಮೂಲವು ಲಂಕೆಯ ಚಹದ ಬೆಟ್ಟಗಳೆಂಬುದು ವಾಚಕರಲ್ಲಿ ಹಲವರಿಗೆ ತಿಳಿದಿರಬಹುದು. ಲಂಕೆಯಲ್ಲಿ ಮೊದಲು ಕಾಫಿ ಬೆಳೆಯಿತ್ತು. 1869ರಲ್ಲಿ ಎಲೆಗೆ ತುಕ್ಕುರೋಗ ತಗಲಿ ಕಾಫಿಯು ಕ್ರಮೇಣ ನಾಶವಾಗಲು, 1867ರಲ್ಲಿಯೇ ಜೇಮ್ಸ್ ಟೇಲರನು ಲೂಲ್‌ಕಂದುರದ 19 ಎಕರೆಗಳಲ್ಲಿ ನೆಟ್ಟಿದ್ದ ಚಹವು ಅದರ ಸ್ಥಾನವನ್ನು ಆಕ್ರಮಿಸಿತು. ಕೂಲಿಗಾಗಿ ತಮಿಳುನಾಡಿನ ಬಡವರನ್ನು ಕರೆದೊಯ್ದರು. ದ್ವೀಪವು ಸ್ವತಂತ್ರವಾದ 1948ರಲ್ಲಿ ಅವರಿಗೆ ಪೌರತ್ವವು ದೊರೆಯಲಿಲ್ಲ. 1964ರ ಸಿರಿಮಾವೋ–ಶಾಸ್ತ್ರೀ ಒಪ್ಪಂದದಲ್ಲಿ 5,25,000 ಮಂದಿಯನ್ನು ಸ್ವೀಕರಿಸಲು ಭಾರತವು ಒಪ್ಪಿತು. ಹಾಗೆ ಬಂದವರಲ್ಲಿ ಕೆಲವರಿಗೆ ಸರಕಾರವು ನಮ್ಮ ಜಿಲ್ಲೆಯ ರಬ್ಬರು ತೋಟಗಳಲ್ಲಿ ಕೆಲಸ ಕೊಟ್ಟು ನೆಲೆಗೊಳಿಸಿತು.

ನಮ್ಮ ಗೆಳತಿಯ ಶಿಷ್ಯೆಯೊಬ್ಬಳ ಅಜ್ಜಿ ಹಾಗೆ ಬಂದವರು. ಹ್ಯಾಟನ್ ಪೇಟೆಯ ಸಮೀಪದ ತೋಟದಲ್ಲಿ ಹುಟ್ಟಿ, ಹದಿನೈದನೆಯ ವಯಸ್ಸಿನಲ್ಲಿ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದರಂತೆ. ನಮ್ಮ ಪ್ರವಾಸದ ಮಾತನ್ನು ಕೇಳಿ ಅವರು, “ತೋಟ ನೋಡಲಿಕ್ಕೆ ಹೋಗುವುದಾ ಟೀಚರಮ್ಮ? ನಮಗೆ ತೋಟ ಎಂದರೆ ಕೆಲಸ. ತಲೆಗೆ ಹಗ್ಗ, ಬೆನ್ನಿಗೆ ಬುಟ್ಟಿ. ದಾರಿ ನೋಡಿಕೊಂಡು ನಡೆದದ್ದೇ ಇಲ್ಲ, ಕಾಲಿಗೆ ಗೊತ್ತಿತ್ತು” ಎಂದರಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳಿಗ್ಗೆ ಚಳಿ ಈಗಲೂ ಹಾಗೇ ಉಂಟಾ, ನೋಡಿ ಬಂದು ಹೇಳಿ” ಎಂದು ಕೇಳಿಕೊಂಡರಂತೆ.

ಈ ಮಾತನ್ನು ಕೇಳಿದ ಬಳಿಕ ನಮ್ಮ ಪಟ್ಟಿಯ ಅರ್ಥವೇ ಬೇರೆಯಾಯಿತು. ತೋಟವೆಂಬ ಒಂದೇ ಶಬ್ದದಲ್ಲಿ ಸಂತೋಷಕ್ಕಾಗಿ ನೆಟ್ಟುದೂ ಹೊಟ್ಟೆಗಾಗಿ ದುಡಿದುದೂ ಕೂಡಿವೆ. ನಾವು ವಿನೋದಕ್ಕಾಗಿ ನಡೆಯಲಿರುವ ದಾರಿಯು ಇನ್ನೊಬ್ಬರು ಹೊರೆ ಹೊತ್ತು ಸವೆಯಿಸಿದ ದಾರಿ. ಅದನ್ನು ಅರಿತು ನಡೆಯಬೇಕಾದರೆ ಆ ಅಜ್ಜಿಯ ಪರಿಚಯವುಳ್ಳವಳು ನಮ್ಮೊಡನೆ ಇರಲೇಬೇಕು. ಆಕೆಯೂ ಕೊನೆಗೆ ಒಪ್ಪಿದಳು.

ಈಗ ನಮ್ಮ ಕ್ರಮವು ಹೀಗಿದೆ. ಬೆಂಗಳೂರಿನಿಂದ ವಿಮಾನದಲ್ಲಿ ಕೊಲಂಬೊ. ಮರುದಿನ ಹೆನರತ್‌ಗೊಡವನ್ನು ನೋಡಿಕೊಂಡು ಕ್ಯಾಂಡಿ. ಪೆರಾದೆನಿಯಕ್ಕೆ ಪೂರ್ತಿ ಒಂದು ದಿವಸ. ಬೆಂಚುಗಳೂ ನೆರಳೂ ಧಾರಾಳವಾಗಿರುವುದರಿಂದ ಆತುರವಿಲ್ಲ. ಒಂದು ದಿವಸ ವಿಶ್ರಾಂತಿ. ಮುಂದಿನ ದಿನ ಹಂತಾನದಲ್ಲಿ ಪೀಕೋ ಮಾರ್ಗದ ಆರಂಭದ ಸ್ವಲ್ಪ ದೂರವನ್ನು ಏಳು ಮಂದಿಯೂ ಕೂಡಿ, ಆಕೆಯನ್ನು ಮುಂದೆ ಮಾಡಿಕೊಂಡು ನಡೆಯುವುದು. ಆಮೇಲೆ ಆಕೆಯೊಂದಿಗೆ ಇಬ್ಬರು, 1925ರ ಹಳೆಯ ಕಾರ್ಖಾನೆಯ ಕಟ್ಟಡದಲ್ಲಿರುವ ಚಹದ ವಸ್ತುಸಂಗ್ರಹಾಲಯಕ್ಕೆ ಹೋಗುವರು. ಉಳಿದವರು ಮುಂದೆ ನಡೆದು ಸಂಜೆಗೆ ಸೇರುವರು. ತರುವಾಯ ನುವಾರ ಎಲಿಯ. ಹಕ್ಗಲಕ್ಕೆ ಎಲ್ಲರೂ. ಹಾರ್ಟನ್ ಬಯಲಿಗೆ ನಾಲ್ವರು. ಅದೇ ಬೆಳಿಗ್ಗೆ ಮೂವರಿಗೆ ಊರ ನಡುವಿನ ವಿಕ್ಟೋರಿಯಾ ಉದ್ಯಾನ. ಹಿಂದಿರುಗುವಾಗ ಹ್ಯಾಟನ್ ಮಾರ್ಗ. ಅಲ್ಲಿ ಬೆಳಗಿನ ಚಳಿಯನ್ನು ನೋಡುವುದಕ್ಕಾಗಿಯೇ ಒಂದು ರಾತ್ರಿ ತಂಗುವುದು. ಶ್ರೀಪಾದವನ್ನು ಈ ಸಲ ಬಿಟ್ಟೆವು. ಅದನ್ನು ಏರುವ ಆಸೆ ಎಲ್ಲರಿಗಿಂತ ಹೆಚ್ಚಾಗಿದ್ದವಳೇ ಸೀಸದಕಡ್ಡಿಯಿಂದ ಗೆರೆ ಎಳೆದಳು. ಮೋಡವಿಲ್ಲದಿದ್ದರೆ ಆ ದಾರಿಯಿಂದ ಶಿಖರವು ದೂರದಲ್ಲಿ ಕಾಣುವುದಂತೆ, ಅಷ್ಟು ಸಾಕು.

ಒಂದು ಸಂಗತಿಯನ್ನು ಹೇಳದೆ ಬಿಡಬಾರದು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತವು ಆ ದ್ವೀಪಕ್ಕೆ ಬಡಿದು, ಗುಡ್ಡಗಳು ಕುಸಿದು, ನೂರಾರು ಜನರು ಪ್ರಾಣ ಕಳೆದುಕೊಂಡರು. ಬೆಟ್ಟದ ರೈಲುಮಾರ್ಗವೂ ಹಾನಿಗೊಂಡಿತು. ಆದುದರಿಂದ ನಾವು ರೈಲನ್ನು ನೆಚ್ಚದೆ ಮೋಟಾರುಗಾಡಿಯನ್ನೇ ಗೊತ್ತುಮಾಡಿ, ಪ್ರತಿಯೊಂದು ದಾರಿಯೂ ತೆರೆದಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಲಿದ್ದೇವೆ. ಹೋಗುವವರೂ ಹಾಗೆಯೇ ಮಾಡತಕ್ಕದ್ದು. ಪ್ರವೇಶದ ಅನುಮತಿಯ ನಿಯಮಗಳು ಆಗಾಗ ಬದಲಾಗುವುದರಿಂದ ಅದನ್ನೂ ಮುಂಚಿತವಾಗಿ ನೋಡಿಕೊಳ್ಳುವುದು ಲೇಸು.

ಸದ್ಯಕ್ಕೆ ನಾವು ವಾರಕ್ಕೆರಡು ಸಲ ಮುಂಜಾನೆ ಕದ್ರಿ ಉದ್ಯಾನದಲ್ಲಿಯೂ, ತಿಂಗಳಿಗೊಮ್ಮೆ ಪಿಲಿಕುಳದಲ್ಲಿಯೂ ನಡೆಯುತ್ತಿದ್ದೇವೆ. ಮೊಣಕಾಲು ನೋವಿನವಳು ಮುಂದೆ, ನಾವು ಆರು ಮಂದಿ ಹಿಂದೆ. ಮೆಲ್ಲಗೆ ನಡೆಯುವುದರಿಂದ ಮರಗಳ ಹೆಸರುಗಳನ್ನು ಕಲಿಯುವುದಕ್ಕೆ ಅವಕಾಶವಾಗಿದೆ. ಈವರೆಗೆ ಮೂವತ್ತೆರಡು ಮರಗಳನ್ನು ಗುರುತಿಸಬಲ್ಲೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ನಮ್ಮ ಸಾಲಿಗೆ ಸೇರುವ ಮನಸ್ಸಿದ್ದರೆ ಯಾವ ದಿನವಾದರೂ ಆರು ಗಂಟೆಗೆ ಕದ್ರಿಗೆ ಬರಬಹುದು. ನಮಗಿಂತ ಮೆಲ್ಲಗೆ ನಡೆಯುವವರಿಗೆ ಮುಂದಿನ ಸ್ಥಾನವನ್ನು ಬಿಟ್ಟುಕೊಡುವೆವು.